ನಿನ್ನ ಭಾವನ ಹಿಂದಲೆ

ಮನೆಯಿಂದ,
ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ತಮ್ಮಾ,

'ಪ್ರೀತಿಯ' ಎಂದು ಬರೆದು ಆಮೇಲೆ ಹೊಡೆದು ಹಾಕಿ ಕಾಗದ ಕೊಳಕು ಮಾಡುವುದು ಬೇಡವೆಂದು ಮೊದಲೇ ಬಿಟ್ಟಿದ್ದೇನೆ. ಹೇಗಿದ್ದೀಯ, ಆರೋಗ್ಯವೇ ಎಂದು ಮೊದಲು ಕೇಳಬೇಕಂತೆ. ಕೇಳುವ ಅಗತ್ಯವಿಲ್ಲ, ಕಣ್ಣಾರೆ ನೋಡಿದ್ದೇನೆ. ನಿಮ್ಮ ಕೂದಲು ನೆಡುವ ಕ್ಲಿನಿಕ್ಕಿನ ಜಾಹೀರಾತಿನಲ್ಲಿ ಹಸಿರು ಟೋಪಿ ಹಾಕಿಕೊಂಡು ಡಾಕ್ಟರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೀಯ. ಕೆನ್ನೆ ತುಂಬಿಕೊಂಡಿದೆ, ನಗು ಕಿವಿಯವರೆಗೆ ಬಂದಿದೆ. ಚೆನ್ನಾಗಿಯೇ ಇದ್ದೀಯ. ನನ್ನ ಫೋನ್ ಎತ್ತುವುದಕ್ಕೆ ಮಾತ್ರ ಕೈಗೆ ಏನೋ ಬಂದಿದೆ. ಮೆಸೇಜ್ ಹಾಕಿದರೆ ಎರಡು ದಿನ ಬಿಟ್ಟು ಕೈಮುಗಿದಿರುವ ಚಿತ್ರವೊಂದು ಬರುತ್ತದೆ. ಅದನ್ನು ಇಟ್ಟುಕೊಂಡು ನಾನೇನು ಮಾಡಲಿ? ಹಾಗಾಗಿ ಕಾಗದ ಬರೆಯುತ್ತಿದ್ದೇನೆ. ನಾನು ಹೇಗಿದ್ದೇನೆಂದು ನೀನು ಕೇಳದಿದ್ದರೂ ಹೇಳುತ್ತೇನೆ, ಮಂಡಿ ನೋವೊಂದು ಬಿಟ್ಟರೆ ಗಟ್ಟಿಮುಟ್ಟಾಗಿದ್ದೇನೆ. ಮಂಡಿ ನೋವನ್ನು ನಿನ್ನ ತಲೆಗೆ ಕಟ್ಟುವುದಿಲ್ಲ, ಅದು ನನ್ನದೇ. ಮಿಕ್ಕಿದ್ದೆಲ್ಲ ನಿನ್ನದು.

ನಿನ್ನ ಭಾವ ಶಾಲೆಗೆ ಹೋಗುವುದನ್ನು ಬಿಟ್ಟಿದ್ದಾರೆ. ಜ್ವರ ಬಂದರೂ ಮಾತ್ರೆ ನುಂಗಿ ಲೆಕ್ಕ ಹೇಳಿಕೊಡಲು ಓಡುತ್ತಿದ್ದ ಮನುಷ್ಯ, ಹಿಂದಲೆಯಲ್ಲಿ ಕೂದಲು ಬರುವವರೆಗೆ ತರಗತಿಗೆ ಕಾಲಿಡುವುದಿಲ್ಲ ಎಂದು ಹೆಡ್‌ಮಿಸ್ಟ್ರೆಸ್ಸಿಗೆ ಹೇಳಿ ರಜೆ ಹಾಕಿ ಬಂದಿದ್ದಾರೆ. ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದದ್ದು ನಿನಗೆ ನೆನಪಿರಬೇಕು. ಕೈವಾರವಿಲ್ಲದೆ ಒಂದೇ ಸಲಕ್ಕೆ ದುಂಡಗೆ ವೃತ್ತ ಎಳೆಯುತ್ತಿದ್ದರು, ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಬೋಳಾದ ಮುಂದಲೆಗೆ ಕೂದಲು ನೆಡಿಸಿಕೊಳ್ಳಲು ನಿನ್ನ ಕೈಗೆ ತಲೆ ಕೊಟ್ಟು ಬಂದ ಮೇಲೆ ಅವರು ಮಕ್ಕಳಿಗೆ ಬೆನ್ನು ತೋರಿಸುವುದನ್ನೇ ಬಿಟ್ಟರು. ಮುಖ ತರಗತಿಯ ಕಡೆ, ಕೈ ಮಾತ್ರ ಹಿಂದಕ್ಕೆ ಚಾಚಿ ಬೋರ್ಡಿನ ಮೇಲೆ. ಹಾಗೆ ಬರೆದರೆ ವೃತ್ತ ಬದನೆಕಾಯಿಯಾಗದೆ ಇನ್ನೇನಾಗುತ್ತದೆ? ಹೆಡ್‌ಮಿಸ್ಟ್ರೆಸ್ ಪಾಠ ನೋಡಲು ಬಂದವರು, "ಯಾಕೆ ಮೇಷ್ಟ್ರೇ, ಏಡಿ ಥರ ಅಡ್ಡಡ್ಡ ನಡೀತಿದೀರಿ?" ಎಂದು ಎಲ್ಲರ ಮುಂದೆಯೇ ಕೇಳಿದರಂತೆ. ಆಮೇಲೆ ಒಂದು ದಿನ ದೊಡ್ಡ ಚಿತ್ರ ಬಿಡಿಸಬೇಕಾಗಿ ಬಂತು. ಪಾಠದ ಗುಂಗಿನಲ್ಲಿ ಮೈಮರೆತು ಪೂರ್ತಿ ತಿರುಗಿದ್ದಾರೆ. ಹಿಂದಿನ ಬೆಂಚಿನಿಂದ ಯಾರೋ ಫೋಟೋ ತೆಗೆದರು. ಸಂಜೆಯೊಳಗೆ ಅದು ಎಲ್ಲರ ಮನೆ ತಲುಪಿತ್ತು, ಕೆಳಗೆ 'ಜರಡಿ ಮೇಷ್ಟ್ರು' ಎಂದು ಹೆಸರು ಬೇರೆ. ನನ್ನ ಕನ್ನಡಕದ ಅಂಗಡಿಯಲ್ಲಿ ಲೆನ್ಸ್ ಕೂರಿಸುವ ಹುಡುಗಿ ನನಗೇ ತಂದು ತೋರಿಸಿದಳು, ಯಾರ ಗಂಡನೆಂದು ಗೊತ್ತಿಲ್ಲದೆ ನಗುತ್ತಾ. ನಾನೂ ಹಲ್ಲು ಕಿರಿದೆ. ಏನು ಮಾಡಲಿ, ನಿಂತಿದ್ದ ಗಿರಾಕಿಯ ಮುಂದೆ ಅಳುವುದಕ್ಕಾಗುತ್ತದೆಯೇ?

ಅಂದು ಮನೆಗೆ ಬಂದು ನೋಡಿದರೆ ಅವರು ಹಾಲ್‌ನಲ್ಲಿ ಅದೇ ಫೋಟೋವನ್ನು ದೊಡ್ಡದು ಮಾಡಿ ನೋಡುತ್ತಾ ಕೂತಿದ್ದರು. ತಮ್ಮ ಹಿಂದಲೆಯನ್ನು ಅಷ್ಟು ಸರಿಯಾಗಿ ಅವರು ನೋಡಿದ್ದು ಅದೇ ಮೊದಲಂತೆ. ನಾನಾದರೆ ಮೊದಲಿನಿಂದ ನೋಡುತ್ತಲೇ ಇದ್ದೇನೆ. ಕನ್ನಡಕದ ಅಂಗಡಿಯವಳು, ದಿನವಿಡೀ ಜನರ ಕಿವಿಯ ಹಿಂದೆ ಕಡ್ಡಿ ಬಗ್ಗಿಸಿ ಕೂರಿಸುವುದೇ ನನ್ನ ಕೆಲಸ. ಯಾರ ಹಿಂದಲೆ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇವರನ್ನು ಮುಂದಿನಿಂದ ನೋಡಿದರೆ ಮದುಮಗ, ಹಣೆಯ ಮೇಲೆ ಬ್ರಷ್ಷಿನ ಹಾಗೆ ದಟ್ಟ ಕೂದಲು. ಹಿಂದೆ ನೋಡಿದರೆ ಕೋಳಿ ಕೆದರಿದ ಅಂಗಳ. ಕಿವಿಯಿಂದ ಕಿವಿಗೆ ಬಿಳಿ ಚುಕ್ಕೆಗಳು, ನಡುನಡುವೆ ಬಡಕಲು ಕೂದಲು, ಬಿಸಿಲಿಗೆ ನಿಂತರೆ ಚರ್ಮವೇ ಹೊಳೆಯುತ್ತದೆ. ಕ್ಷೌರದವನು ಒಂದು ಸಲ, "ಇದನ್ನ ಯಾರು ಸ್ವಾಮಿ ಹೀಗೆ ಕಿತ್ತಿದ್ದು?" ಎಂದು ಕೇಳಿದ ಮೇಲೆ ಅಲ್ಲಿಗೂ ಹೋಗುವುದನ್ನು ನಿಲ್ಲಿಸಿದರು. ಈಗ ನಾನೇ ಕತ್ತರಿಸುತ್ತೇನೆ. ಕತ್ತರಿಸುವಾಗ ಪ್ರತಿ ಸಲವೂ ನಿನ್ನನ್ನು ಬೈಯುತ್ತೇನೆ, ಬಾಯಿ ಬಿಟ್ಟೇ ಬೈಯುತ್ತೇನೆ. ಅವರು, "ಸುಮ್ನಿರೇ, ಅವನೇನು ಬೇಕು ಅಂತ ಮಾಡಿದ್ನಾ" ಎನ್ನುತ್ತಾರೆ.

ಬೇಕು ಅಂತಲೇ ಮಾಡಿದೆ. ಅದೇ ನನ್ನ ಹೊಟ್ಟೆ ಉರಿಸುತ್ತಿರುವುದು. ನಿನ್ನ ಜಾಗದಲ್ಲಿ ಯಾರೋ ಪರಕೀಯ ಇದ್ದಿದ್ದರೆ, ಅವನಿಗೆ ಕೆಲಸ ಬರುವುದಿಲ್ಲ ಎಂದು ಸುಮ್ಮನಾಗುತ್ತಿದ್ದೆ. ನಿನಗೆ ಕೆಲಸ ಬರುತ್ತದೆ. ಮುಂದಕ್ಕೆ ನೆಡಲು ಹಿಂದಲೆಯಿಂದ ಎಲ್ಲಿಯವರೆಗೆ ಕೂದಲು ತೆಗೆಯಬಹುದು, ಎಲ್ಲಿ ನಿಲ್ಲಿಸಬೇಕು ಎಂದು ಡಾಕ್ಟರು ಪೆನ್ನಿನಲ್ಲಿ ಗೆರೆ ಹಾಕಿ ಹೇಳಿಯೇ ಬೇರೆ ಕೋಣೆಗೆ ಹೋದರಂತೆ. ಮಿಕ್ಕವರಿಗೆಲ್ಲ ಆ ಗೆರೆಯಲ್ಲಿ ನಿಲ್ಲಿಸುತ್ತೀಯ. ನಿನ್ನ ಭಾವನಿಗೆ ಮಾತ್ರ ನಿಲ್ಲಿಸಲಿಲ್ಲ. ಅವತ್ತು ಸಂಜೆ ನೀನೇ ಫೋನ್ ಮಾಡಿ ಹೆಮ್ಮೆಯಿಂದ ಹೇಳಿದ್ದು ಇನ್ನೂ ನನ್ನ ಕಿವಿಯಲ್ಲಿದೆ: "ಬೇರೆಯವರಿಗಾದ್ರೆ ಇಷ್ಟಕ್ಕೆ ಸಾಕು ಅಂತಿದ್ದೆ ಅಕ್ಕಾ. ನಮ್ಮ ಭಾವ ಅಲ್ವಾ, ಮುಂದೆ ಇನ್ನೊಂದಷ್ಟು ಹಾಕಿದೀನಿ." ಥೇಟ್ ನಮ್ಮ ಅಮ್ಮ. ಊಟಕ್ಕೆ ಕೂತವರು ಸಾಕು ಎಂದು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲೇ ಇನ್ನೊಂದು ಸೌಟು ಸುರಿಯುತ್ತಿದ್ದಳಲ್ಲ, ಅದೇ ಬುದ್ಧಿ. ನಮ್ಮ ಮನೆಯಲ್ಲಿ ಪ್ರೀತಿ ಎಂದರೆ ಅಳತೆ ಮೀರಿ ಬಡಿಸುವುದು ಎಂದು ನೀನು ಕಲಿತುಬಿಟ್ಟೆ. ಅಮ್ಮ ತನ್ನ ಪಾತ್ರೆಯಿಂದ ಬಡಿಸುತ್ತಿದ್ದಳು ಮಾರಾಯಾ. ನೀನು ಅವರ ತಲೆಯಿಂದಲೇ ತೆಗೆದು ಅವರ ತಲೆಗೇ ಬಡಿಸಿದೆ, ಹಿಂದೆ ಪಾತ್ರೆ ಬರಿದಾಗುತ್ತಿದೆ ಎನ್ನುವುದನ್ನು ಮಾತ್ರ ನೋಡಲಿಲ್ಲ.

ಇಷ್ಟಾದರೂ ನಾನು ಹಲ್ಲು ಕಚ್ಚಿಕೊಂಡು ಇರುತ್ತಿದ್ದೆ. ಕೈ ತಪ್ಪಿತು, ಮನುಷ್ಯರಿಂದ ಆಗುತ್ತದೆ. ಆದರೆ ಆಮೇಲೆ ನೀನು ಮಾಡಿದ್ದಿದೆಯಲ್ಲ, ಅದನ್ನು ಕ್ಷಮಿಸಲು ನನ್ನಿಂದ ಆಗುತ್ತಿಲ್ಲ. ಅವರು ಮೊದಲ ಸಲ ಫೋನ್ ಮಾಡಿ ಕೇಳಿದಾಗ, "ಅದು ಆಪರೇಷನ್ ಶಾಕಿಗೆ ಉದುರಿರೋದು ಅಷ್ಟೇ ಭಾವ, ಆರು ತಿಂಗಳಲ್ಲಿ ಬರುತ್ತೆ" ಎಂದೆ. ಆರು ತಿಂಗಳಾದ ಮೇಲೆ ಇನ್ನೊಂದು ಆರು ತಿಂಗಳು ಎಂದೆ. ಈಗ ಎರಡು ವರ್ಷ ಕಳೆದಿದೆ, ನೀನು ಇನ್ನೂ ಅವರ ಮೂಗಿಗೆ ತುಪ್ಪ ಸವರುತ್ತಲೇ ಇದ್ದೀಯ. ಚರ್ಮದ ಡಾಕ್ಟರೊಬ್ಬರು ಕನ್ನಡಕ ಮಾಡಿಸಲು ನಮ್ಮ ಅಂಗಡಿಗೆ ಬರುತ್ತಾರೆ. ಅವರಿಗೆ ಫೋಟೋ ತೋರಿಸಿದೆ. ಶಾಕಿನಿಂದ ಉದುರಿದ್ದಾದರೆ ಇಷ್ಟು ಹೊತ್ತಿಗೆ ಬಂದುಬಿಡುತ್ತಿತ್ತು, ಇದು ಬೇರು ಸಮೇತ ತೆಗೆದದ್ದು, ತೆಗೆದ ಜಾಗದಲ್ಲಿ ಮತ್ತೆ ಹುಟ್ಟುವುದಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿದರು. ನಿನಗೆ ಇದು ಗೊತ್ತಿಲ್ಲ ಎಂದು ನನ್ನ ಮುಂದೆ ಮಾತ್ರ ಹೇಳಬೇಡ. ನಾನು ಬಂದು ಅವರಿಗೆ ಹೇಳಿದೆ. ಅವರು ನನ್ನನ್ನು ಲೆಕ್ಕ ತಪ್ಪು ಮಾಡಿದ ಮಗುವನ್ನು ನೋಡುವ ಹಾಗೆ ನೋಡಿದರು. "ನಿನ್ನ ತಮ್ಮ ದಿನಾ ಅದೇ ಕೆಲಸ ಮಾಡ್ತಾನೆ, ಅವನಿಗಿಂತ ಜಾಸ್ತಿ ಗೊತ್ತಾ ಆ ಡಾಕ್ಟರಿಗೆ?" ಎಂದರು. ಅಮ್ಮ ಹೋದ ಮೇಲೆ ನೀನು ನಮ್ಮ ಮನೆಗೆ ಬಂದಾಗಿನಿಂದ ಅವರು ಹೀಗೆಯೇ. ಪರೀಕ್ಷೆಯಲ್ಲಿ ನೀನು ಫೇಲಾದರೆ ಪ್ರಶ್ನೆಪತ್ರಿಕೆಯೇ ಸರಿಯಿಲ್ಲ ಎಂದು ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಿದ್ದರು. ಊಟದ ಮೇಜಿನ ಮೇಲೆ ಸ್ಲೇಟು ಹಿಡಿದು ನಿನಗೆ ಭಿನ್ನರಾಶಿ ಹೇಳಿಕೊಟ್ಟ ಕೈ ಅದು. ಅಂಥವರ ಕಿವಿಯ ಮೇಲೆ ಹೂ ಇಡುವುದಕ್ಕೆ ನಿನಗೆ ಮನಸ್ಸಾದರೂ ಹೇಗೆ ಬಂತು?

ಈಗ ಹೊಸ ನಾಟಕ. ಗಡ್ಡದ ಕೂದಲು ತೆಗೆದು ಹಿಂದಲೆಗೆ ನೆಡುತ್ತೀಯಂತೆ. ಈ ವಾರವೇ ಬರಲು ಹೇಳಿದ್ದೀಯಂತೆ. ಅದಕ್ಕಾಗಿ ಅವರು ಗಡ್ಡ ಬಿಟ್ಟಿದ್ದಾರೆ, ದಿನಕ್ಕೆ ಹತ್ತು ಸಲ ಸವರಿಕೊಂಡು, "ದಟ್ಟವಾಗಿದೆ ಅಲ್ವೇನೇ?" ಎಂದು ನನ್ನನ್ನು ಕೇಳುತ್ತಾರೆ. ಗಡ್ಡ ಮುಗಿದ ಮೇಲೆ ಎದೆ, ಎದೆ ಮುಗಿದ ಮೇಲೆ ಕಾಲು, ಎಲ್ಲ ಮುಗಿದ ಮೇಲೆ ನನ್ನ ಜಡೆಗೇ ಕೈ ಹಾಕುತ್ತೀಯೇನೋ. ಚರ್ಮದ ಡಾಕ್ಟರು ಅದಕ್ಕೂ ತಲೆಯಾಡಿಸಿದರು: ಅಲ್ಲಿ ಚರ್ಮವೆಲ್ಲ ಗಾಯದ ಗುರುತು, ನೆಟ್ಟರೂ ಹಿಡಿಯುವುದು ಕಷ್ಟ, ಹಿಡಿದರೂ ಒರಟಾಗಿ ಬೇರೆಯೇ ಕಾಣುತ್ತದೆ ಎಂದರು. ನೀನು ಒಂದು ತಪ್ಪನ್ನು ಇನ್ನೊಂದರಿಂದ ಮುಚ್ಚಲು ಹೊರಟಿದ್ದೀಯ. ನಿನ್ನ ಮನಸ್ಸಿಗೆ ಸಮಾಧಾನವಾಗಬೇಕು, ಅದಕ್ಕೆ ಅವರ ದವಡೆ ಬೇಕು.

ನನಗೆ ನಿನ್ನ ಕ್ಷಮಾಪಣೆ ಬೇಡ. ಡಾಕ್ಟರನ್ನು ಕೋರ್ಟಿಗೆ ಎಳೆಯುವ ಆಸೆಯೂ ಇಲ್ಲ. ಕೂದಲು ಹೋದರೆ ಹೋಯಿತು, ಬೋಳು ತಲೆಯ ಗಂಡನ ಜೊತೆ ನಾನು ಸುಖವಾಗಿಯೇ ಇದ್ದೆ. ನನಗೆ ಬೇಕಾದದ್ದು ಒಂದೇ. ಇನ್ನು ಬರುವುದಿಲ್ಲ, ಎಂದಿಗೂ ಬರುವುದಿಲ್ಲ ಎಂದು ನೀನು ಅವರ ಮುಖ ನೋಡಿ ಹೇಳಬೇಕು. ಜಗತ್ತಿನಲ್ಲಿ ಬೇರೆ ಯಾರು ಹೇಳಿದರೂ ಅವರು ನಂಬುವುದಿಲ್ಲ. ನೀನು ಹೇಳಿದರೆ ಎರಡು ದಿನ ಊಟ ಬಿಟ್ಟು ಗೋಡೆಗೆ ಒರಗಿ ಕೂರುತ್ತಾರೆ, ಆಮೇಲೆ ಎದ್ದು ತಲೆಯನ್ನು ಸಣ್ಣಗೆ ಕತ್ತರಿಸಿಕೊಂಡು ಶಾಲೆಗೆ ಹೋಗುತ್ತಾರೆ. ಅವರನ್ನು ನಾನು ಬಲ್ಲೆ. ಅವರನ್ನು ತಿನ್ನುತ್ತಿರುವುದು ಬೋಳು ತಲೆಗಿಂತ ಈ ಕಾಯುವಿಕೆ. ಹೆಡ್‌ಮಿಸ್ಟ್ರೆಸ್ ಮೊನ್ನೆ ಮನೆಗೇ ಬಂದಿದ್ದರು. ರಜೆ ಮುಗಿದ ಮೇಲೂ ಬರದಿದ್ದರೆ ಬೇರೆ ಮೇಷ್ಟ್ರನ್ನು ತೆಗೆದುಕೊಳ್ಳದೆ ವಿಧಿಯಿಲ್ಲ ಎಂದರು. ರಜೆ ಈ ತಿಂಗಳಿಗೆ ಮುಗಿಯುತ್ತದೆ. ಇವರು ಅವರಿಗೆ ಟೀ ಕೊಟ್ಟು, ಅವರ ಎದುರಿಗೆ ಬೆನ್ನು ಮಾಡಬಾರದೆಂದು ಅಡುಗೆಮನೆಗೆ ಹಿಂದುಹಿಂದಕ್ಕೆ ನಡೆದು ಹೋದರು. ಬಾಗಿಲ ಚೌಕಟ್ಟಿಗೆ ಮೊಣಕೈ ಬಡಿಯಿತು. ಆ ಹೆಂಗಸು ಪಾಪ ನೆಲ ನೋಡಿಕೊಂಡು ಕೂತರು. ಆ ಕ್ಷಣ ನೀನು ನನ್ನ ಎದುರಿಗಿದ್ದಿದ್ದರೆ ಎರಡು ಬಾರಿಸುತ್ತಿದ್ದೆ, ತಮ್ಮ ಎಂದೂ ನೋಡುತ್ತಿರಲಿಲ್ಲ.

ನಿನ್ನ ಹೆಂಡತಿಯನ್ನು ಕೇಳಿದೆನೆಂದು ಹೇಳು, ಅವಳದೇನೂ ತಪ್ಪಿಲ್ಲ. ಮಗುವಿನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು. ನಿನಗೆ ಆಶೀರ್ವಾದ ಬರೆಯಬೇಕಾದ ಜಾಗವನ್ನು ಸದ್ಯಕ್ಕೆ ಖಾಲಿ ಬಿಟ್ಟಿದ್ದೇನೆ.

ಇಂತಿ,
ಇನ್ನೂ ನಿನ್ನ ಅಕ್ಕನೇ ಆಗಿರುವ
ಅಕ್ಕ

ಮರೆತಿದ್ದು: ಅವರು ಬೂಟು ಹಾಕಿಕೊಳ್ಳುತ್ತಿದ್ದಾರೆ, ಬೇಗ ಬರೆಯುತ್ತೇನೆ. ಎಷ್ಟು ಹೇಳಿದರೂ ಕೇಳಲಿಲ್ಲ, ಸಂಜೆಯ ಬಸ್ಸಿಗೆ ನಿನ್ನಲ್ಲಿಗೇ ಹೊರಟಿದ್ದಾರೆ. ಈ ಕಾಗದವನ್ನು ನಿನ್ನ ಕೈಗೆ ಕೊಟ್ಟವರು ಅವರೇ. ಮನೆ ಸುದ್ದಿ ಬರೆದಿದ್ದೇನೆ ಎಂದು ಹೇಳಿ ಅಂಟಿಸಿ ಕೊಡುತ್ತಿದ್ದೇನೆ. ಇನ್ನೊಬ್ಬರ ಕಾಗದವನ್ನು ಅವರು ಒಡೆಯುವುದಿಲ್ಲ, ನಿನಗೆ ಗೊತ್ತು. ಈಗ ನಿನ್ನ ಎದುರಿಗೇ ಕೂತು, ಊಟ ಆಯ್ತಾ ಎಂದು ನಿನ್ನನ್ನು ಕೇಳುತ್ತಿರುತ್ತಾರೆ. ಇದನ್ನು ಮಡಿಚಿ ಜೇಬಿಗೆ ಹಾಕಿಕೊಳ್ಳಬೇಡ. ಅವರನ್ನು ಆಪರೇಷನ್ನಿನ ಆ ಕುರ್ಚಿಯ ಮೇಲೆ ಕೂರಿಸುವ ಮೊದಲು ಹೇಳು. ಬಾಯಿ ಬರದಿದ್ದರೆ ಈ ಕಾಗದವನ್ನೇ ಅವರ ಕೈಗೆ ಕೊಡು, ಓದಲಿ. ಓದಿದ ಮೇಲೆ ಅವರು ನಿನ್ನ ಹೆಗಲ ಮೇಲೆ ಕೈಯಿಟ್ಟು ನಿನ್ನನ್ನೇ ಸಮಾಧಾನ ಮಾಡಲು ಬರುತ್ತಾರೆ. ಮಾಡಿಸಿಕೊಳ್ಳಬೇಡ.