ಪಾರಸಿ ವೀರನ ಸುಳ್ಳು

೩-೩-೮೭, ಮಂಗಳವಾರ
ಪೂಜೆ ಆಯಿತು. ಮೆಣಸಿನಕಾಯಿ ತೊಟ್ಟು ಬಿಡಿಸಲು ಪಕ್ಕದ ಮನೆಯ ಹಾಜಿರಾಬಿ ಬಂದಿದ್ದಳು. ಕೈ ಉರಿ ಮರೆಯಲೆಂದು ಅವಳ ಮಾವ ಹೇಳುತ್ತಿದ್ದ ಪಾರಸಿ ವೀರನ ಕಥೆ ತೆಗೆದಳು. ತಂದೆ-ಮಗ ಗುರುತಿಲ್ಲದೆ ಕಾದಾಡುತ್ತಾರೆ. ಹರೆಯದ ಮಗ ಮುದಿ ತಂದೆಯನ್ನು ಕೆಡವುತ್ತಾನೆ. ಕೆಳಗೆ ಬಿದ್ದ ತಂದೆ ಹೇಳುತ್ತಾನಂತೆ — ನಮ್ಮ ಪದ್ಧತಿಯಲ್ಲಿ ಎರಡು ಸಲ ಕೆಡವಿದ ಮೇಲೇ ಕೊಲ್ಲಬೇಕು. ಮಗ ನಂಬಿ ಬಿಟ್ಟ. ಆಮೇಲೆ ತಂದೆ ಕೆಡವಿದ. ಮೊದಲ ಸಲಕ್ಕೇ ಚೂರಿ ಹಾಕಿದ. ಗುರುತು ಸಿಕ್ಕ ಮೇಲೆ ಅತ್ತ.

"ನಸೀಬ ಅಕ್ಕಾ, ಏನ್ ಮಾಡೂದು," ಅಂದಳು.

"ನಸೀಬಲ್ಲ, ಅಂಜಿಕಿ. ಮುದುಕ ಆದ್ನೆಲ್ಲಾ ಅಂತ ಅಂಜ್ಯಾನ. ಸುಳ್ಳ ಹೇಳೂಮುಂದ ದೇವರೇನು ಅವನ ನಾಲಿಗಿ ಮ್ಯಾಲೆ ಕುಂತಿದ್ದನ?"

ಸಿಟ್ಟಿನಲ್ಲಿ ಅದೇ ಕೈಯಿಂದ ಕಣ್ಣು ಒರೆಸಿಕೊಂಡೆ. ಖಾರ…

೫-೩, ಗುರುವಾರ
ಮಗ ಫಕ್ಕೀರೇಶ ನಮ್ಮ ಯಜಮಾನರ ಗರಡಿ ಬಿಟ್ಟು ರಾಣೆಬೆನ್ನೂರಿನ ಉಸ್ತಾದರ ಹತ್ತಿರ ಹೋಗಿ ವರ್ಷವಾಯಿತು. ತಾಲೀಮಿನಲ್ಲಿ ಎಲ್ಲರೆದುರು ಅಪ್ಪನನ್ನು ಚಿತ್ ಮಾಡಿದ್ದೇ ತಪ್ಪು. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಭಾನುವಾರ ಅಲ್ಲಿ ಕುಸ್ತಿ. ಇವರ ಶಿಷ್ಯ ಅಜ್ಜಪ್ಪನ ಜೊತೆ ಅವನ ಜೋಡಿ ಬಿದ್ದಿದೆ.

ನೀರು ಕೊಡಲು ಹೋದವಳು ಗರಡಿಯ ಹೊಸ್ತಿಲಾಚೆ ನಿಂತಿದ್ದೆ. ಇವರ ಮಾತು ಕೇಳಿಸಿತು.

"ಅವನ ಎಡಗಾಲ ಮಂಡಿ ಹಿಡದು ತಿರುವಲೇ ಅಜ್ಜಪ್ಪ. ಮುರದದ್ದೈತಿ ಅದು, ತಡ್ಯಾಂಗಿಲ್ಲ."

ಮಗನ ಮಂಡಿ ಮುರಿದಿದ್ದ ಸಂಗತಿ ಮನೆಯವರಿಗೆ ಮಾತ್ರ ಗೊತ್ತು. ಮೂರು ತಿಂಗಳು ಎಣ್ಣೆ ತಿಕ್ಕಿದ ಕೈ ನನ್ನದು!

೬-೩, ಶುಕ್ರವಾರ
ರೊಟ್ಟಿ ಹಾಕುತ್ತಾ ಕೇಳಿಯೇಬಿಟ್ಟೆ. "ಹೊಟ್ಟ್ಯಾಗ ಹುಟ್ಟಿದ ಮಗನ ಕಾಲು ಮುರಸ್ತೀರೇನ್ರಿ?"

"ಕಣದಾಗ ಅಪ್ಪಿಲ್ಲ, ಮಗಿಲ್ಲ. ಅದು ಪದ್ಧತಿ."

"ಪದ್ಧತಿ ಅಂತ! ಬೆನ್ನಿಗೆ ಮಣ್ಣ ಹತ್ತಿದ್ದು ಇನ್ನೂ ತುರಸಾಕತ್ತೈತಿ, ಅದನ್ನ ಹೇಳ್ರಿ."

ತಾಟು ನೂಕಿ ಎದ್ದರು. ಏಳಲಿ. ಬಿಸಿ ರೊಟ್ಟಿ ನಾನೇ ತಿಂದೆ.

೭-೩, ಶನಿವಾರ
ಒಪ್ಪತ್ತು. ಹಸಿದೇ ಬಸ್ ಹತ್ತಿ ರಾಣೆಬೆನ್ನೂರಿಗೆ ಹೋದೆ. ಮಗನಿಗೆ ಎಲ್ಲ ಹೇಳಿದೆ. ನಕ್ಕ.

"ಅಪ್ಪ ಹಂಗ ಮಾಡಾಂವಲ್ಲ ತಗೋಬೇ. ನೋಡಾಕ ಬರ್ತಾನಿಲ್ಲೋ, ಅದನ್ನ ಹೇಳು."

ಬೈದು ಬಂದೆ. ನಂಬಿದವರನ್ನು ಏನಂತ ಬೈಯುವುದು?

೮-೩, ಭಾನುವಾರ, ಬೆಳಿಗ್ಗೆ
ಮಾರುತಿ ಇರುವ ಕಣದಲ್ಲಿ ಹೆಂಗಸರು ಕಾಲಿಡಬಾರದು. ಹುಟ್ಟಿದಾಗಿನಿಂದ ಪಾಲಿಸಿದ್ದೇನೆ. ಇವತ್ತು ಇಡುತ್ತೇನೆ. ಅಜ್ಜಪ್ಪನ ಕೈ ಆ ಮಂಡಿಯ ಕಡೆ ಹೋಗಲಿ, ಇಬ್ಬರ ನಡುವೆ ಮಣ್ಣಿನಲ್ಲಿ ಕುಳಿತುಬಿಡುತ್ತೇನೆ. ಮಾರುತಿ, ಸಿಟ್ಟಾಗುವುದಿದ್ದರೆ ನನ್ನ ಮೇಲೆ ಆಗು.

ಇವರು ತಲೆಗೆ ಪಟಗ ಸುತ್ತುತ್ತಾ ಅಂಗಳದಿಂದ ಕೂಗುತ್ತಿದ್ದಾರೆ — "ನೀ ಎಲ್ಲಿಗೆ ಹೊಂಟೀದಿ?"

ಮುಚ್ಚಿಡುವುದಿಲ್ಲ. ಕಣಕ್ಕೆ ಎನ್ನುತ್ತೇನೆ. ತಡೆದರೂ ಹೊಸ್ತಿಲು ದಾಟುತ್ತೇನೆ.