ಎರಡು ವಾಕರ್‌ಗಳ ನಡುವೆ

ಅಪ್ಪಾಜಿ,

ನೀವು ಹೋಗಿ ಎಂಟು ತಿಂಗಳಾಯ್ತು. ನಿಮ್ಮ ವಾಕರ್ ಈಗ ಅಮ್ಮನ ಕೈಗೆ ಬಂದಿದೆ. ನೀವಿದ್ದಾಗಿನ ಹಾಗೇ ಸ್ನಾನದ ಹೊತ್ತಿಗೆ ಅದು ಬಚ್ಚಲ ಬಾಗಿಲಲ್ಲೇ ಉಳಿದುಬಿಡುತ್ತೆ. ಕಕ್ಕಸಿಗೆ ಹೋಗಿಬಂದದ್ದನ್ನ ಮಡಿಯಲ್ಲಿ ಹೇಗೆ ಮುಟ್ಟಲಿ ಅಂತ ಅವಳೂ ಕೇಳ್ತಾಳೆ.

ಅದಕ್ಕೇ ಹೋದ ವಾರ ಚನ್ನರಾಯಪಟ್ಟಣದಿಂದ ಇನ್ನೊಂದು ವಾಕರ್ ತಂದುಕೊಟ್ಟೆ, ಬರೀ ಮಡಿಗೆ ಅಂತ. ಅಮ್ಮ ಅದನ್ನ ತೊಳೆಸಿ, ಯಾರೂ ಮೈಲಿಗೆ ಮಾಡದಿರಲಿ ಅಂತ ದೇವರಮನೆ ಬಾಗಿಲಲ್ಲಿ ಇಟ್ಟುಕೊಂಡಿದ್ದಾಳೆ. ಹಳೇದು ಬಚ್ಚಲ ಹತ್ತಿರ, ಹೊಸದು ದೇವರ ಹತ್ತಿರ. ನಡುವೆ ಹನ್ನೊಂದು ಹೆಜ್ಜೆ, ಹಿಡಿದುಕೊಳ್ಳೋಕೆ ಏನೂ ಇಲ್ಲ.

ಇವತ್ತು ಬೆಳಿಗ್ಗೆ ಒದ್ದೆ ಸೀರೆಯಲ್ಲೇ ಹೊರಟಳು. ಸೆರಗಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನಡುಮನೆಯಲ್ಲಿ, ನೀವು ಬಿದ್ದ ಜಾಗದಲ್ಲೇ, ಅವಳ ಕಾಲು ಜಾರಿತು. ನಾನು ಕೈ ಚಾಚಿದೆ.

"ಮುಟ್ಟಬೇಡ ಕಣೇ ಮಾಲಿನಿ, ನಿಂದಿನ್ನೂ ಸ್ನಾನ ಆಗಿಲ್ಲ" ಅಂದಳು.

ಕೈ ಹಿಂದಕ್ಕೆ ತಗೊಂಡೆ. ಅವಳು ಹೇಗೋ ಸಾವರಿಸಿಕೊಂಡು ಹೋಗಿ ಹೊಸ ವಾಕರ್ ಹಿಡಿದು, ಗೆದ್ದವಳ ಹಾಗೆ ನನ್ನ ಕಡೆ ತಿರುಗಿ ನಕ್ಕಳು. ಆಮೇಲೆ ನೆಲ ಒರೆಸುವಾಗ ನೋಡಿದೆ. ಉಳಿದ ಒದ್ದೆ ಹೆಜ್ಜೆಗಳೆಲ್ಲ ಪುಟ್ಟಪುಟ್ಟದಾಗಿದ್ದವು, ಜಾರಿದ ಆ ಒಂದು ಮಾತ್ರ ಗೇಣುದ್ದ ಎಳೆದುಕೊಂಡು ಹೋಗಿತ್ತು.

"ನಾಳೆಯಿಂದ ನಾನೇ ಮೊದಲು ಸ್ನಾನ ಮಾಡಿ ನಿಂತಿರ್ತೀನಮ್ಮ" ಅಂದೆ.

"ಆಯ್ತು ಬಿಡು" ಅಂದಳು.

ನೀವು ಬೀಳೋ ಹಿಂದಿನ ದಿನ ನಿಮಗೂ ಇದೇ ಮಾತು ಕೊಟ್ಟಿದ್ದೆ. ನೀವೂ ಆಯ್ತು ಬಿಡು ಅಂದಿದ್ರಿ.