ಗಿರಿಜಕ್ಕನ ಬೀರುವಿಗೆ ಗರಗಸ ಹಾಕುವ ಮುಂಚೆ

ಗಿರಿಜಕ್ಕ,

ಮೊದಲೇ ಹೇಳಿಬಿಡ್ತೀನಿ, ಇದನ್ನ ನಾನಾಗಿ ಬರೀತಿಲ್ಲ. ಬರೆಸ್ತಿದಾರೆ. ನಿನ್ನ ಶಾಲೆಗೆ ಈಗ ಬಂದಿರೋ ಹೆಡ್‌ಮಿಸ್ಸು ಲೈಬ್ರರಿ ರಿಪೇರಿ ಮಾಡಿಸ್ತಿದಾರೆ. ತೆರೆಯೋ ದಿನ ಗೋಡೆಗೆ ಹಾಕೋಕೆ ಹಳಬರೆಲ್ಲ ಒಂದೊಂದು ಪತ್ರ ಕೊಡಬೇಕಂತೆ. "ಮೇಡಂ, ನಾನು ಬಡಗಿ. ಕಿವಿ ಮೇಲಿನ ಪೆನ್ಸಿಲ್ಲು ಗೆರೆ ಎಳೆಯೋಕೆ, ಕತೆ ಬರೆಯೋಕಲ್ಲ" ಅಂದೆ. "ಹಾಗಾದ್ರೆ ಗೆರೆ ಎಳೆದ ಹಾಗೇ ನೇರ ಬರೀರಿ, ರುದ್ರಪ್ಪನೋರೆ" ಅಂದ್ರು. ಬಾಯಿ ಜೋರು, ನಿನ್ನ ಹಂಗೇ. ಏಳನೇ ಕ್ಲಾಸಿನ ಅರ್ಧದಲ್ಲಿ ಮೇಷ್ಟ್ರಿಗೆ ತಿರುಗಿ ಬೈದು ಶಾಲೆ ಬಿಟ್ಟವನ ಕಾಗುಣಿತ ಇದು. ಕೆಂಪು ಶಾಯಿ ಹಿಡ್ಕೊಂಡು ಬರಬೇಡ.

ಹೋದ ಸೋಮವಾರ ಜನ್ನಾಪುರದಿಂದ ಬೆಳಗಿನ ಬಸ್ಸಿಗೆ ಬಂದು, ದುರ್ಗಿಗುಡಿಗೆ ನಡೆದು, ನಿನ್ನ ಲೈಬ್ರರಿ ಬಾಗಿಲು ತಳ್ಳಿದೆ. ನೀನಿದ್ದರೆ ಕೂಗಾಡಿಬಿಡ್ತಿದ್ದೆ. ಹೆಂಚು ಇಳಿಸಿ ಹೊಸ ರೀಪು ಹೊಡೆದಿದಾರೆ. ಸಡಿಲ ಗಾರೆ ಕೆರೆದು ಸುಣ್ಣ ಬಳಿದಿದಾರೆ. ಗಲಾಟೆ, ಧೂಳು ಅಂತ ನೀನು ಮೊಳೆ ಹೊಡೆಸಿ ಮುಚ್ಚಿಸಿದ್ದ ಕಿಟಕಿ ಈಗ ರಸ್ತೆ ಕಡೆ ಬಾಯಿ ತೆಗೆದು ನಿಂತಿದೆ. ನಮ್ಮಪ್ಪ ಹುಟ್ಟೋಕೆ ಮುಂಚಿನ ಆ ಕೋಣೆ ಇನ್ನು ಮೇಲೆ ಒಂದರಿಂದ ನಾಲ್ಕನೇ ಕ್ಲಾಸಿನ ಮಕ್ಕಳಿಗಂತೆ. ನಿನ್ನ ಕಾಲದಲ್ಲಿ ಎಂಟನೇ ಕ್ಲಾಸು ಮುಟ್ಟದವರು ಹೊಸಿಲು ದಾಟೋ ಹಾಗಿತ್ತಾ?

ಉಳಿದಿರೋದು ನಿನ್ನ ಬೀರು. ಸಾಗುವಾನಿ, ಗಾಜಿನ ಬಾಗಿಲು, ಆಳೆತ್ತರಕ್ಕಿಂತ ಎತ್ತರ. ಅದಕ್ಕೇ ಈಗ ಜಗಳ. ಬಾಗಿಲು ಕಿತ್ತು, ಅಡ್ಡ ಕೊಯ್ದು, ಎರಡು ಗಿಡ್ಡ ಕಪಾಟು ಮಾಡಿದರೆ ಮಕ್ಕಳ ಕೈಗೆ ಪುಸ್ತಕ ಸಿಗುತ್ತೆ ಅನ್ನೋದು ಹೆಡ್‌ಮಿಸ್ಸು. ಹಳೇ ವಿದ್ಯಾರ್ಥಿಗಳು ಕೇಳಲ್ಲ. "ಗಿರಿಜಮ್ಮ ಟೀಚರ್ ಬೀರು ಅದು. ಹಾಗೇ ಇರಲಿ. ಒಳಗೆ ಅವರ ಫೋಟೋ ಇಟ್ಟು ಬೀಗ ಹಾಕೋಣ" ಅಂತಾರೆ. ಫೋಟೋಗೂ ಬೀಗ! ಹೆಡ್‌ಮಿಸ್ಸು ನನ್ನ ಮುಖ ನೋಡಿ, "ನೀವು ಅವರ ತಮ್ಮ. ನಿಮ್ಮದೇ ಕೊನೇ ಮಾತು. ಮುಂದಿನ ವಾರ ಬುಧವಾರ ಸಂಜೆ ಐದರೊಳಗೆ ಹೇಳಿ" ಅಂದ್ರು.

ನನ್ನ ಮಾತು ಆವತ್ತೇ ತಯಾರಿತ್ತು. ಒಂದನೇ ಕ್ಲಾಸಿನ ಒಂದು ಹುಡುಗೀನ ಗೋಡೆ ಪಕ್ಕ ನಿಲ್ಲಿಸಿ "ಕೈ ಎತ್ತಮ್ಮ" ಅಂದೆ. ಶಾಲೆ ಟೇಪಿನಲ್ಲಿ ನಾಲ್ಕಡಿ ಬಂತು. ಬೀರು ಮೇಲೆ ನನ್ನ ಪಟ್ಟಿ ಇಟ್ಟು, ಕೊಯ್ಯೋಕೆ ನಾಲ್ಕಡಿಗೆ ಗೆರೆ ಎಳೆದೆ. ಹಿಂದೆ ಒಬ್ಬ ಕಿಸಕ್ ಅಂದ. ನಿನ್ನ ಅಟೆಂಡರ್ ಖಾದರ್. ರಿಟೈರಾಗಿ ಎಷ್ಟೋ ವರ್ಷ ಆಯ್ತು, ಆದರೂ ನನ್ನ ಕೆಲಸದಲ್ಲಿ ತಪ್ಪು ಹುಡುಕೋಕೆ ದಿನಾ ಬರ್ತಾನೆ.

"ಮಾರಾಯ, ನಿನ್ನ ಕೈಲಿರೋದು ಫ್ಯಾಕ್ಟರಿ ಪಟ್ಟಿ ಅಲ್ವಾ?"

ಹೌದು ಕಣೆ. ಭದ್ರಾವತಿ ಕಾರ್ಖಾನೆಯಲ್ಲಿ ಎರಕಕ್ಕೆ ಮರದ ಅಚ್ಚು ಮಾಡ್ತಿದ್ದೆನಲ್ಲ, ಆ ಅಳತೆಪಟ್ಟಿ. ಕಾದ ಕಬ್ಬಿಣ ತಣಿದಾಗ ಕುಗ್ಗುತ್ತೆ. ಅದಕ್ಕೆ ಆ ಪಟ್ಟಿಯಲ್ಲಿ ಒಂದೊಂದು ಅಡೀನೂ ಊರಿನ ಅಡಿಗಿಂತ ಒಂದು ನೂಲು, ಅಂದ್ರೆ ಇಂಚಿನ ಎಂಟನೇ ಒಂದು ಪಾಲು, ಉದ್ದ. ಗೆರೆ ಅರ್ಧ ಇಂಚು ಮೇಲೆ ಹೋಗಿತ್ತು. "ಇರಲಿ ಬಿಡು, ಕಬ್ಬಿಣ ಕುಗ್ಗುತ್ತೆ, ಹುಡುಗಿ ಬೆಳೀತಾಳೆ" ಅಂದ ಖಾದರ್. ಇರಲಿ ಅನ್ನೋಕೆ ನಾನೇನು ಅವನಾ? ಅಳಿಸಿ, ಇನ್ನೊಂದು ಗೆರೆ ಎಳೆದೆ. ಅವಳ ಬೆರಳಿಗೆ ಸರಿಯಾಗಿ.

ನಿನಗೆ ನೆನಪಿದೆಯಾ, ಇದೇ ಬೀರಿನ ಕೀಲು ಮುರಿದು ನನ್ನ ಕರೆಸಿದ್ದು? ಬೆನ್ನ ಹಲಗೇನೂ ಹೊಸದು ಹಾಕಿಕೊಟ್ಟೆ. ಕೆಲಸ ಮುಗಿಸಿ, ಕೈ ತೊಳೆದು, ಒರೆಸಿಕೊಂಡು ಕೇಳಿದೆ: "ಅಕ್ಕ, ಓದೋಕೆ ಒಂದು ಪುಸ್ತಕ ಕೊಡು." ನೀನು ಕನ್ನಡಕದ ಮೇಲಿಂದ ನೋಡಿದೆ. "ನೀನೇನು ವಿದ್ಯಾರ್ಥಿಯಾ? ಮೇಷ್ಟ್ರಾ? ರೂಲ್ಸು ಅಂದ್ರೆ ರೂಲ್ಸು ಕಣೋ, ರುದ್ರ." ಖಾದರ್ ಎದುರಿಗೆ. ನಾನು ಒಂದು ಮಾತೂ ಆಡಲಿಲ್ಲ. ನಾನು! ಆಗಲೇ ನಿನಗೆ ಅನುಮಾನ ಬರಬೇಕಿತ್ತು.

ಈಗ ಕೇಳು. ಆ ಬೆನ್ನ ಹಲಗೆಗೆ ಮಾರನೇ ದಿನ ಬಂದು ಮೊಳೆ ಕಿತ್ತು ಸ್ಕ್ರೂ ಹಾಕಿದವನು ನಾನೇ. "ಗೋಡೆ ತೇವ ತಾಗುತ್ತೆ, ಬೀರು ಒಂದಡಿ ಮುಂದಕ್ಕಿರಲಿ" ಅಂದವನೂ ನಾನೇ. ತೇವಾನಾ? ಗೋಡೆ ಒಣಕೊಬ್ಬರಿ ಹಂಗಿತ್ತು. ರಜೆ ಸಿಕ್ಕ ಶನಿವಾರ ಮಧ್ಯಾಹ್ನ, ಶಾಲೆ ಬಿಟ್ಟ ಮೇಲೆ, ಗೆದ್ದಲು ನೋಡ್ತೀನಿ ಅಂತ ಖಾದರ್ ಕೈಲಿ ಕೋಣೆ ತೆಗೆಸಿ, ಗೋಡೆ ಸಂದಿಗೆ ನುಗ್ಗಿ, ನಾಲ್ಕು ಸ್ಕ್ರೂ ಬಿಚ್ಚಿ ಪುಸ್ತಕ ಎಳೀತಿದ್ದೆ. ಅದನ್ನ ಉಳಿ, ಕೊಡತಿ ಜೊತೆ ಚೀಲದಲ್ಲಿಟ್ಟುಕೊಂಡೇ ನಿನ್ನ ಮನೆಗೆ ಬಂದು, ನೀನು ಬಡಿಸಿದ್ದು ಉಂಡು, ಬಸ್ ಹತ್ತುತ್ತಿದ್ದೆ. ಮೊದಲ ಪುಸ್ತಕಕ್ಕೆ ಎರಡು ತಿಂಗಳು ಹಿಡೀತು. ಕೊನೆಕೊನೆಗೆ ಎರಡು ವಾರ ಸಾಕಾಗ್ತಿತ್ತು. ಒಂದನ್ನೂ ಇಟ್ಟುಕೊಳ್ಳಲಿಲ್ಲ, ಒಂದರ ಮೂಲೇನೂ ಮಡಿಸಲಿಲ್ಲ.

ತಪ್ಪು ಒಂದೇ. ಹಿಂದಿನಿಂದ ಕೈ ಹಾಕಿ ತುರುಕೋವಾಗ ಕೆಲವು ತಲೆಕೆಳಗಾಗಿ ಕೂರ್ತಿದ್ದವು. ವಾರಕ್ಕೊಮ್ಮೆ ನೀನು ಬೀಗ ತೆಗೆದು ಖಾದರ್ ಕೈಲಿ ಧೂಳು ಹೊಡೆಸ್ತಿದ್ದೆಯಲ್ಲ, ಅವನೇ ಹಾಗಿಟ್ಟ ಅಂತ ಬೈತಿದ್ದೆ. "ಕಣ್ಣು ಮಂಜು ಮೇಡಂ" ಅಂತ ಬೈಸ್ಕೊಂಡ, ಪಾಪ.

ನೀನು ಹೋಗಿ ಎರಡು ವರ್ಷ ಆದ ಮೇಲೆ ಮೊನ್ನೆ ಅವನಿಗೆ ನಿಜ ಹೇಳಿ, ಕ್ಷಮಿಸು ಅಂದೆ. ನನ್ನ ಬಾಯಲ್ಲಿ ಆ ಮಾತು! ಅವನು ಟೀ ಕುಡೀತಾ ನಕ್ಕ. "ಗೊತ್ತಿತ್ತು ಮಾರಾಯ. ಗೆದ್ದಲು ನೋಡೋಕೆ ಬಂದೋನು ಸ್ಕ್ರೂಡ್ರೈವರ್ ತರ್ತಾನಾ?" ಆಮೇಲೆ ಲೋಟ ಕೆಳಗಿಟ್ಟು ಇನ್ನೊಂದು ಮಾತು ಹೇಳಿದ. "ಹೊಸ ಪುಸ್ತಕ ಬಂದ್ರೆ ಮೇಡಂ ಮೊದಲು ಕೆಳಗಿನ ಸಾಲಲ್ಲೇ ಇಡಿಸೋರು, ಸಡಿಲ ಹಲಗೆ ಹತ್ರ. ನಂಬರ್ ಪ್ರಕಾರ ಅಲ್ಲಿ ಬರಲ್ಲ ಮೇಡಂ ಅಂದ್ರೆ, 'ಇರಲಿ ಖಾದರ್, ಈ ಗೆದ್ದಲಿಗೆ ಹಸಿವು ಜಾಸ್ತಿ' ಅನ್ನೋರು."

ಅಕ್ಕ, ನಾನು ಮೂರು ದಿನದಿಂದ…

ಗೊತ್ತಿತ್ತಾ ನಿನಗೆ? ಗೊತ್ತಿದ್ದೂ ಊಟಕ್ಕೆ ಬಡಿಸುವಾಗ ನನ್ನ ಚೀಲದ ಕಡೆ ಕಣ್ಣು ಹಾಯಿಸದೆ "ಇನ್ನೊಂದು ರೊಟ್ಟಿ ಹಾಕ್ಲಾ" ಅಂತಿದ್ದೆಯಾ? ಅಷ್ಟು ಪ್ರೀತಿ ಇದ್ದವಳಿಗೆ ಬೀಗ ತೆಗೆದು "ತಗೋ ರುದ್ರ" ಅನ್ನೋಕೆ ಏನಾಗಿತ್ತು? ಹಿಂದಿನಿಂದ ಕೊಟ್ಟೆ, ಮುಂದಿನಿಂದ ಕೊಡಲಿಲ್ಲ. ನಾನು ಕಳ್ಳನ ಹಂಗೇ ಒಯ್ದೆ, ಕಳ್ಳನ ಹಂಗೇ ಓದಿದೆ. ಅದಕ್ಕೆ ಸಂತೋಷ ಪಡಲಾ? ಪಡಲ್ಲ. ಆ ಹುಡುಗಿ ಗೋಡೆ ಸಂದಿಗೆ ನುಗ್ಗಬೇಕಾಗಿಲ್ಲ. ಎದುರಿಗೆ ನಿಂತು, ಕೈ ಎತ್ತಿ, ತಗೋಬೇಕು. ಹರಿದರೆ ಹರೀಲಿ, ಅಂಟಿಸೋಣ. ತಲೆಕೆಳಗೆ ಇಟ್ಟರೆ ಇಡಲಿ.

ನಿನ್ನ ಹಳೇ ವಿದ್ಯಾರ್ಥಿಗಳು ಬಂದು ಬೀರಿಗೆ ಅಡ್ಡ ಮಲಗಿದರೂ ಗುರುವಾರ ಬೆಳಿಗ್ಗೆ ಗರಗಸ ಹಾಕ್ತೀನಿ. ಬಾಗಿಲಿನ ಸಾಗುವಾನಿಯಲ್ಲಿ ಮಕ್ಕಳಿಗೆ ಕೂರೋ ಮಣೆ ಆಗುತ್ತೆ. ನಿನ್ನ ಫೋಟೋ ಕಿಟಕಿ ಪಕ್ಕ ಗೋಡೆಗೆ ಹಾಕ್ತೀನಿ, ಗಲಾಟೆ ಕೇಳ್ತಾ ಇರು. ಅದಕ್ಕೆ ನಿನ್ನ ಒಪ್ಪಿಗೆ ಕೇಳ್ತಿಲ್ಲ.

ಕೇಳ್ತಿರೋದು ಇಷ್ಟೇ. ಗೊತ್ತಿತ್ತೋ, ಇರಲಿಲ್ಲವೋ? ಸುತ್ತಿ ಬಳಸಿ ಬೇಡ. ಬುಧವಾರ ಸಂಜೆ ಐದರೊಳಗೆ ಉತ್ತರ ಬರಬೇಕು.

ರುದ್ರ